ಕೆಂಪಿಲ್ಲದ ಹಾಳೆಗಳು

ಫೆಬ್ರವರಿ ೯

ಮಾವನವರಿಗೆ ನಮಸ್ಕಾರ.

ಭಾನುವಾರ ಫೋನಿನಲ್ಲಿ ಹೇಳಲಾಗದ ವಿಷಯ ಒಂದಿದೆ. ಅಲ್ಲಿ ನನ್ನ ಮಗಳು, ನಿಮ್ಮ ಕೊಕ್ಕರೆ, ನಿಮ್ಮ ತೋಳಿಗೆ ಅಂಟಿಕೊಂಡು ನಿಂತಿರುತ್ತಾಳೆ. ಇಲ್ಲಿ ಕಾರಿಡಾರಿನ ಫೋನಿಗೆ ನನ್ನ ಹಿಂದೆ ಹಾಸ್ಟೆಲಿನ ಅರ್ಧ ಜನ ಸಾಲು ನಿಂತಿರುತ್ತಾರೆ. ಹಾಗಾಗಿ ಕಾಗದ.

ಕಳೆದ ವಾರ ಮೇಟ್ರನ್ ಸಹಾಯಕಿಯರನ್ನೆಲ್ಲ ಊಟದ ಕೋಣೆಯಲ್ಲಿ ಕೂರಿಸಿ ಮಾತನಾಡಿದರು. ಪಾಳಿ ಮುಗಿಸುವಾಗ ರೋಗಿಗಳ ವರದಿಯನ್ನು ಇಂಗ್ಲಿಷಿನಲ್ಲಿ ತಾವೇ ಬರೆಯಬಲ್ಲವರನ್ನು ಮಾತ್ರ ಆಸ್ಪತ್ರೆಯವರು ಕಾಯಂ ಮಾಡುತ್ತಾರಂತೆ. ಈಗ ನಾನು ಬಾಯಲ್ಲಿ ಹೇಳುತ್ತೇನೆ, ನರ್ಸು ಬರೆದುಕೊಳ್ಳುತ್ತಾಳೆ. ನಮ್ಮ ವೃದ್ಧರ ವಾರ್ಡಿನಲ್ಲಿ ಒಬ್ಬರಿದ್ದಾರೆ, ಎಲ್ಲರಿಗೂ ಹುಕುಂ ಕೊಡುವುದರಿಂದ ಕ್ಯಾಪ್ಟನ್ ಎಂದು ಕರೆಯುತ್ತೇವೆ. ಅವರು ಬಲಗಾಲಿನ ಹಿಮ್ಮಡಿ ನೋವೆಂದು ನರಳಿದರು ಎಂದು ನಾನು ಹೇಳಿದರೆ ವರದಿಯಲ್ಲಿ 'ನೋವಿದೆ' ಎಂದಷ್ಟೇ ಇರುತ್ತದೆ. ಬೆಳಿಗ್ಗೆ ಡಾಕ್ಟರು ಬಂದು ಯಾವ ಕಾಲು ಎಂದು ಕೇಳುತ್ತಾರೆ. ಅಷ್ಟು ಹೊತ್ತಿಗೆ ಕ್ಯಾಪ್ಟನ್ನಿಗೂ ಮರೆತಿರುತ್ತದೆ.

ಪರೀಕ್ಷೆ ಜೂನಿನಲ್ಲಿ. ಅದರಲ್ಲಿ ಎರಡು ಭಾಗ. ಕೊಟ್ಟ ವಿಷಯದ ಮೇಲೆ ಒಂದು ಪ್ಯಾರಾಗ್ರಾಫ್ ಬರೆಯಬೇಕು. ಆಮೇಲೆ ತಪ್ಪು ತುಂಬಿದ ಒಂದು ಪುಟ ಕೊಡುತ್ತಾರೆ, ತಪ್ಪುಗಳನ್ನೆಲ್ಲ ಹುಡುಕಿ ತಿದ್ದಬೇಕು. ಪಾಸಾದವರಿಗೆ ಲಾಂಡ್ರಿಯ ಹಿಂದಿನ ಸಾಲಿನಲ್ಲಿ ಎರಡು ಕೋಣೆಯ ಕ್ವಾರ್ಟರ್ಸು. ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ, ಕ್ವಾರ್ಟರ್ಸಿನಲ್ಲಿ ಇಟ್ಟುಕೊಳ್ಳಬಹುದು.

ಇಂಗ್ಲಿಷ್ ಪತ್ರಿಕೆಯ ಕರಡು ತಿದ್ದಿ ನಿವೃತ್ತರಾದವರು ನನಗೆ ಗೊತ್ತಿರುವವರಲ್ಲಿ ನೀವೊಬ್ಬರೇ. ವಾರಕ್ಕೊಂದು ಹಾಳೆ ಕಳಿಸಿದರೆ ತಿದ್ದಿ ಕೊಡುತ್ತೀರಾ? ನಾನು ಪಾಸಾದರೆ ಮುಂದೇನು ಎಂಬುದು ನಿಮಗೆ ಗೊತ್ತು, ಅತ್ತೆಗೂ ಗೊತ್ತು. ಎಲ್ಲ ಗೊತ್ತಿದ್ದೂ ನಿಮ್ಮನ್ನೇ ಕೇಳುತ್ತಿದ್ದೇನೆ. ಬೇಡವೆನಿಸಿದರೆ ಬರೆಯಬೇಡಿ, ನಾನು ತಪ್ಪು ತಿಳಿಯುವುದಿಲ್ಲ.

ಮೊದಲ ಹಾಳೆ ಇದರ ಜೊತೆಗಿದೆ. ವಿಷಯ: ನನ್ನ ಕೆಲಸ.

ನಿಮ್ಮ ಸೊಸೆ


ಫೆಬ್ರವರಿ ೨೧

ಸೊಸೆಗೆ ಆಶೀರ್ವಾದ. ಇಲ್ಲಿ ಮೂವರೂ ಆರೋಗ್ಯ.

ನಿನ್ನ ಕಾಗದವನ್ನು ಅತ್ತೆಗೂ ಓದಿ ಹೇಳಿದೆ. ಆ ಹೊತ್ತಿನಲ್ಲಿ ಅವಳ ಕೈಯಲ್ಲಿ ಪಾತ್ರೆಗಳು ಸ್ವಲ್ಪ ಜಾಸ್ತಿ ಸದ್ದು ಮಾಡಿದವು. ಸಂಜೆ ತಾನೇ ಬಂದು, ಹಾಳೆ ತಿದ್ದಿ ಆಯಿತೇ, ಅಂಚೆ ಡಬ್ಬಿ ಐದಕ್ಕೆ ತೆಗೆಯುತ್ತಾರೆ ಎಂದಳು. ಇದೇ ಅವಳ ಒಪ್ಪಿಗೆ ಎಂದುಕೋ.

ಹಾಳೆ ವಾಪಸು ಕಳಿಸಿದ್ದೇನೆ. ಕೆಂಪು ನೋಡಿ ಗಾಬರಿಯಾಗಬೇಡ. ನಾನು ಪ್ರೆಸ್ಸಿಗೆ ಸೇರಿದ ಹೊಸದರಲ್ಲಿ ನಮ್ಮ ಸಂಪಾದಕರ ಲೇಖನದ ಮೇಲೂ ಇಷ್ಟೇ ಕೆಂಪು ಇರುತ್ತಿತ್ತು. ಅವರಿಗೆ ನಾಚಿಕೆಯಾಗಲಿಲ್ಲ, ನಿನಗೇಕೆ?

ನೀನು ಏಳು ವಾಕ್ಯ ಒಟ್ಟಿಗೆ ಬರೆದಿದ್ದೀಯ. ಅದನ್ನು ಐದು ತುಂಡು ಮಾಡಿದ್ದೇನೆ. ಒಂದು ಸಂಗತಿ ಮುಗಿದೊಡನೆ ಸಾಲು ಮುರಿಯಬೇಕು, ಆಗ ಓದುವವನಿಗೆ ಉಸಿರಾಡಲು ಜಾಗ ಸಿಗುತ್ತದೆ.

ಇನ್ನು ತಿದ್ದುವ ವಿಧಾನ. ನಮ್ಮ ಕರಡು ಕೋಣೆಯಲ್ಲಿ ಯಾರೂ ಒಬ್ಬರೇ ತಿದ್ದುತ್ತಿರಲಿಲ್ಲ. ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಬರೀ ಪದಗಳನ್ನಲ್ಲ, ದೊಡ್ಡಕ್ಷರ, ಚುಕ್ಕೆ, ಪ್ರಶ್ನಾರ್ಥಕ ಎಲ್ಲವನ್ನೂ ಬಾಯಲ್ಲಿ ಹೇಳುತ್ತ. ಇನ್ನೊಬ್ಬ ಪೆನ್ಸಿಲ್ ಹಿಡಿದು ಕೇಳುತ್ತಿದ್ದ. ಕಣ್ಣಿಗೆ ತಪ್ಪಿದ್ದು ಕಿವಿಗೆ ಸಿಗುತ್ತದೆ. ಈಗ ಓದುವ ಕೆಲಸಕ್ಕೆ ಕೊಕ್ಕರೆಯನ್ನು ನೇಮಿಸಿದ್ದೇನೆ. ಇಂಗ್ಲಿಷ್ ಶಾಲೆಯ ನಾಲಿಗೆ, ಚೆನ್ನಾಗಿ ಹೊರಳುತ್ತದೆ. ಅಭ್ಯಾಸ ಎಷ್ಟು ಹತ್ತಿತೆಂದರೆ ನಿನ್ನೆ ಊಟಕ್ಕೆ ಕೂತವಳು, "ಅಜ್ಜಿ ಇನ್ನೊಂದು ಲೋಟ ಹಾಲಿದೆಯಾ ಪ್ರಶ್ನಾರ್ಥಕ" ಎಂದಳು. ನಿನ್ನ ಅತ್ತೆ ತಿರುಗಿಯೂ ನೋಡದೆ, "ಇಲ್ಲ ಫುಲ್‌ಸ್ಟಾಪ್" ಎಂದಳು.

ಹಾಳೆ ತುಂಬ ಕೆಂಪು ಯಾಕೆ ಎಂದು ಮಗು ಕೇಳಿತು. ಕೆಂಪಿಲ್ಲದ ಹಾಳೆ ಬಂದ ದಿನ ನಿಮ್ಮಮ್ಮ ಪಾಸಾದ ಹಾಗೆ ಎಂದು ಹೇಳಿದ್ದೇನೆ. ಕ್ವಾರ್ಟರ್ಸಿನ ವಿಷಯ ನಾನು ಹೇಳಿಲ್ಲ. ಅವಳಿಗೆ ಹೇಗೋ ಗೊತ್ತಿದೆ.

ಹೋದ ವರ್ಷದ ಫ್ರಾಕು ಮೊಣಕಾಲಿನಿಂದ ಮೇಲೆ ಹೋಗಿದೆ. ಆ ಉದ್ದ ಕಾಲು ಅವಳಪ್ಪನದೇ.

ಇತಿ,
ಮಾವ


ಮಾರ್ಚ್ ೧೫

ಮಾವನವರಿಗೆ,

ಒಂದು ಫಜೀತಿ ಆಯಿತು, ಹೇಳದೆ ಇರಲಾರೆ. ಶನಿವಾರ ನಮಗೆ ಪಾಠ ಹೇಳಲು ಬರುವ ಇಂಗ್ಲಿಷ್ ಮೇಷ್ಟ್ರಿಗೆ ನೀವು ತಿದ್ದಿದ ಹಾಗೆಯೇ ತುಂಡು ತುಂಡಾಗಿ ಬರೆದು ತೋರಿಸಿದೆ. ಅವರು ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಇದು ಪ್ಯಾರಾಗ್ರಾಫೋ, ಅಂಗಡಿಗೆ ಕಳಿಸೋ ಚೀಟಿಯೋ?" ಎಂದರು. ನನ್ನ ಪಕ್ಕದ ಮಂಚದವಳು ನಕ್ಕಳು. ಅವಳು ನಕ್ಕರೆ ಇಡೀ ಕೋಣೆ ನಗುತ್ತದೆ.

ಅವರು ಹೇಳುವುದು ಹೀಗೆ. ಪ್ಯಾರಾಗ್ರಾಫ್ ಅಂದರೆ ಒಂದೇ ಕಟ್ಟು. ಮೊದಲ ವಾಕ್ಯದಲ್ಲಿ ಏನು ಹೇಳಹೊರಟಿದ್ದೀರಿ ಎಂಬುದನ್ನು ಹೇಳಿಬಿಡಬೇಕು. ಆಮೇಲೆ ಅದಕ್ಕೆ ಮೂರು ಆಧಾರ. ಕೊನೆಗೆ ಒಂದು ವಾಕ್ಯದಲ್ಲಿ ಗಂಟು. ಎರಡು ಆಧಾರ ಕೊಟ್ಟರೆ ಮುಕ್ಕಾಲಿಯ ಒಂದು ಕಾಲು ಮುರಿದ ಹಾಗಂತೆ. ಪತ್ರಿಕೆಯವರ ಪದ್ಧತಿ ಬೇರೆ, ಅಂಕಣ ಸಣ್ಣದಾದ್ದರಿಂದ ಅವರು ಕತ್ತರಿಸುತ್ತಾರೆ, ಪರೀಕ್ಷೆಯಲ್ಲಿ ಅದು ನಡೆಯುವುದಿಲ್ಲ ಎಂದರು. ನೀವು ಬೇಸರ ಮಾಡಿಕೊಳ್ಳಬಾರದು.

ಈ ಸಲದ ವಿಷಯ 'ನನ್ನ ಕೋಣೆ'. ಎಂಟು ಮಂಚ, ಎರಡು ಕಿಟಕಿ, ಒಂದು ಕನ್ನಡಿ. ಕನ್ನಡಿಯ ಮುಂದೆ ಪಾಳಿಗೆ ಹೋಗುವವರಿಗೂ ಪಾಳಿಯಿಂದ ಬಂದವರಿಗೂ ದಿನಾ ಜಗಳ. ಇದನ್ನೆಲ್ಲ ಬರೆಯಬಹುದೋ ಬಾರದೋ ಗೊತ್ತಾಗದೆ ಬರೆದಿದ್ದೇನೆ.

ಕೊಕ್ಕರೆ ಹಾಲು ಕುಡಿಯುತ್ತಿದ್ದಾಳಲ್ಲ? ಅತ್ತೆ 'ಫುಲ್‌ಸ್ಟಾಪ್' ಎಂದ ಮೇಲೂ ಕೊಟ್ಟೇ ಕೊಟ್ಟಿರುತ್ತಾರೆ, ನನಗೆ ಗೊತ್ತು.

ನಿಮ್ಮ ಸೊಸೆ


ಏಪ್ರಿಲ್ ೨

ಸೊಸೆಗೆ ಆಶೀರ್ವಾದ.

ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಕೆಲಸದಲ್ಲಿದ್ದಷ್ಟು ಕಾಲವೂ ಬೇರೆಯವರ ಪ್ಯಾರಾಗಳನ್ನು ಕತ್ತರಿಸಿದ ಕೈ ಇದು, ಹಾಳೆ ಕಂಡರೆ ಸುಮ್ಮನಿರುವುದಿಲ್ಲ. ಇನ್ನು ಮೇಲೆ ಕಟ್ಟು ಬಿಚ್ಚುವುದಿಲ್ಲ. ನಿನ್ನ ಅತ್ತೆಗೆ ಇದು ತುಂಬಾ ಇಷ್ಟವಾಯಿತು. ನಲ್ಲಿ ರಿಪೇರಿಯವನಿಗೂ ಹೇಳಿದ್ದಾಳೆ, ಇವರ ಪ್ಯಾರಾಗ್ರಾಫ್ ಅಂಗಡಿ ಚೀಟಿಯಂತೆ ಎಂದು.

ಕನ್ನಡಿಯ ಜಗಳ ಬರೆದದ್ದು ಒಳ್ಳೆಯದಾಯಿತು. ಅದನ್ನು ಓದುವಾಗ ಕೊಕ್ಕರೆ ನಗು ತಡೆಯಲಾರದೆ ಚುಕ್ಕೆ ಹೇಳುವುದನ್ನೇ ಮರೆತಳು.

ತಪ್ಪು ಹುಡುಕುವ ಭಾಗಕ್ಕೆ ಒಂದು ಉಪಾಯ. ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದು. ಕೊನೆಯ ವಾಕ್ಯ ಮೊದಲು, ಆಮೇಲೆ ಅದರ ಮೇಲಿನದು. ಮೇಲಿನಿಂದ ಓದಿದರೆ ಅರ್ಥ ನಿನ್ನನ್ನು ಎಳೆದುಕೊಂಡು ಓಡುತ್ತದೆ, ಇರಬೇಕಾದ್ದು ಇದೆ ಎಂದೇ ಮನಸ್ಸು ನಂಬುತ್ತದೆ. ಕೆಳಗಿನಿಂದ ಓದಿದರೆ ಅರ್ಥ ಕೈಬಿಡುತ್ತದೆ, ಅಕ್ಷರ ಮಾತ್ರ ಉಳಿಯುತ್ತದೆ.

ಈಗ ಕೆಂಪು ಪೆನ್ಸಿಲನ್ನೂ ಕೊಕ್ಕರೆಗೇ ಕೊಟ್ಟಿದ್ದೇನೆ. ಅವಳು ಓದುತ್ತಾಳೆ, ನಾನು ಕೇಳಿ ಹೇಳುತ್ತೇನೆ, ಅವಳೇ ಗುರುತು ಹಾಕುತ್ತಾಳೆ. ಅವಳಿಗೂ ಕಲಿಕೆಯಾಗುತ್ತದೆ. ನಿನ್ನ ತಪ್ಪುಗಳು ಕಡಿಮೆಯಾಗುತ್ತಿವೆ.

ಇತಿ,
ಮಾವ


ಮೇ ೧೮

ಮಾವನವರಿಗೆ,

ಮೂರು ಹಾಳೆ ಒಟ್ಟಿಗೆ ತಲುಪಿದವು. ಒಂದರ ಮೇಲೂ ಕೆಂಪಿಲ್ಲ. ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ, ತಿದ್ದದೆ ಹಾಗೇ ಕಳಿಸಿಬಿಟ್ಟಿರೇನೋ ಎಂದು. ಆದರೆ ಪ್ರತಿ ಹಾಳೆಯ ಕೆಳಗೂ ಕೊಕ್ಕರೆಯ ಅಕ್ಷರದಲ್ಲಿ 'ಓದಲಾಗಿದೆ, ತಪ್ಪಿಲ್ಲ' ಎಂದಿದೆ. ಆ 'ತಪ್ಪಿಲ್ಲ'ದ ಒತ್ತಕ್ಷರ ಎಷ್ಟು ದಪ್ಪ ಹಾಕಿದ್ದಾಳೆಂದರೆ ಹಿಂದಿನ ಪುಟದಲ್ಲೂ ಮೂಡಿದೆ.

ನಿಜ ಹೇಳಲೇ ಮಾವ, ನನಗೆ ನಂಬಿಕೆ ಬರಲಿಲ್ಲ. ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬರೆದ ಹಾಳೆಯೂ ಅದರಲ್ಲಿತ್ತು. ಆದರೆ ನೀವು ಸಂಪಾದಕರನ್ನೇ ಬಿಡದವರು, ನನ್ನನ್ನು ಬಿಡುತ್ತೀರಾ? ಹಾಗೆಂದುಕೊಂಡು ಹಾಳೆಗಳನ್ನು ದಿಂಬಿನ ಕೆಳಗಿಟ್ಟು ಮಲಗಿದೆ. ಪಕ್ಕದ ಮಂಚದವಳು, "ಪ್ರೇಮಪತ್ರಾನಾ?" ಎಂದಳು. ಹೌದು ಎಂದೆ.

ಪರೀಕ್ಷೆ ಜೂನ್ ಹದಿನಾಲ್ಕಕ್ಕೆ. ಶನಿವಾರದ ಪಾಠಕ್ಕೂ ಈಗ ಹೋಗುತ್ತಿಲ್ಲ, ಆ ಹೊತ್ತಿಗೆ ಹೆಚ್ಚಿನ ಪಾಳಿ ಕೇಳಿ ತೆಗೆದುಕೊಂಡಿದ್ದೇನೆ. ಕ್ವಾರ್ಟರ್ಸನ್ನು ಹೊರಗಿನಿಂದ ನೋಡಿಕೊಂಡು ಬಂದೆ. ಅಡುಗೆಮನೆಯ ಕಿಟಕಿ ಲಾಂಡ್ರಿಯ ಅಂಗಳಕ್ಕೆ ತೆರೆಯುತ್ತದೆ. ಅಲ್ಲಿ ಸದಾ ಬಿಳಿ ಹೊದಿಕೆಗಳು ಒಣಗುತ್ತಿರುತ್ತವೆ.

ನಿಮ್ಮ ಅಕ್ಷರ ಯಾಕೆ ಪತ್ರಿಕೆಯ ತಲೆಬರಹದಷ್ಟು ದೊಡ್ಡದಾಗಿದೆ? ಒಂದು ಪುಟಕ್ಕೆ ಹತ್ತು ಸಾಲು ಕೂಡ ಹಿಡಿಯುತ್ತಿಲ್ಲ.

ನಿಮ್ಮ ಸೊಸೆ


ಜುಲೈ ೬

ಮಾವನವರಿಗೆ,

ಫಲಿತಾಂಶ ಬಂತು. ನಾನು ಪಾಸಾಗಿಲ್ಲ.

ಎಲ್ಲಿ ಸೋತೆ ಎಂದು ತಿಳಿಯಬೇಕಿತ್ತು. ನೀವು ತಿದ್ದಿ ಕಳಿಸಿದ ಹಾಳೆಗಳನ್ನು ಮೇಷ್ಟ್ರ ಮುಂದಿಟ್ಟೆ. ಕೆಂಪಿಲ್ಲದ ಹಾಳೆಗಳನ್ನು. ಅವರು ತಮ್ಮ ಪೆನ್ನು ತೆಗೆದು ಶುರು ಮಾಡಿದರು. ಮೊದಲ ಸಾಲಿನಲ್ಲೇ ಎರಡು ತಪ್ಪು. ಹಾಳೆ ಮುಗಿಯುವ ಹೊತ್ತಿಗೆ ನಾನು ಎಣಿಸುವುದನ್ನು ಬಿಟ್ಟಿದ್ದೆ. ಪರೀಕ್ಷೆಯಲ್ಲಿ ನಾನು ಮಾಡಿದ್ದೂ ಅವೇ ತಪ್ಪುಗಳು. ಇವು ಸರಿ ಎಂದೇ ತಿಳಿದು ಬರೆದಿದ್ದೆ.

ಇದನ್ನು ತಿದ್ದಿದವರು ಯಾರು ಎಂದು ಮೇಷ್ಟ್ರು ಕೇಳಿದರು. ಮನೆಯವರು ಎಂದೆ. ಅವರು ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಜೀವಮಾನವಿಡೀ ಬೇರೆಯವರ ತಪ್ಪು ಹಿಡಿದ ಕಣ್ಣು ನನ್ನ ಹಾಳೆಯ ಮೇಲೆ ಮಾತ್ರ ಯಾಕೆ ಮುಚ್ಚಿತು ಎಂದು ನಾನು ಕೇಳುವುದಿಲ್ಲ. ನಿಮ್ಮ ಮಗ ತೀರಿಹೋದ ಮೇಲೆ ಆ ಮನೆಯಲ್ಲಿ ನಿಮಗೆ ಉಳಿದಿರುವುದು ಕೊಕ್ಕರೆಯೊಬ್ಬಳೇ. ಅವಳನ್ನು ಬಿಡಲು ಕಷ್ಟ ಎಂದು ನೀವು ಬಾಯಿಬಿಟ್ಟು ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಏನೋ ಒಂದು ಆಗುತ್ತಿತ್ತು.

ಮತ್ತೆ ಪರೀಕ್ಷೆ ಅಕ್ಟೋಬರಿನಲ್ಲಿ. ಇನ್ನು ಹಾಳೆ ಕಳಿಸುವುದಿಲ್ಲ. ಭಾನುವಾರ ಫೋನು ಮಾಡುತ್ತೇನೆ, ಮಗುವಿನ ಜೊತೆ ಮಾತನಾಡಲು.

ಸೊಸೆ


ಆಗಸ್ಟ್ ೩

ಸೊಸೆಗೆ ಅತ್ತೆಯ ಆಶೀರ್ವಾದ.

ನಾನು ಕಾಗದ ಬರೆಯುವವಳಲ್ಲ ಎಂದು ನಿನಗೆ ಗೊತ್ತು. ನಿನ್ನ ಮಾವ ಬರೆಯುತ್ತಾರೆಂದು ಕಾದೆ. ಅವರು ದಿನಾ ಕೂತು ಕಾಗದ ತೆಗೆಯುತ್ತಾರೆ, ಮಡಚಿ ಇಡುತ್ತಾರೆ. ನಾಲ್ಕು ವಾರ ನೀನು ಭಾನುವಾರ ಫೋನಿನಲ್ಲಿ ಅವರನ್ನು ಕೇಳಲೂ ಇಲ್ಲ. ಸಾಕು, ಇಬ್ಬರದೂ ಸಾಕು.

ಅವರಿಗೆ ಕಣ್ಣು ಕಾಣುವುದಿಲ್ಲ. ಎರಡರಲ್ಲೂ ಪೊರೆ. ಮಾರ್ಚಿನಿಂದಲೇ ಮಂಜಾಗಿತ್ತು, ಏಪ್ರಿಲ್ ಹೊತ್ತಿಗೆ ಇಂಗ್ಲಿಷಿನ ಸಣ್ಣಕ್ಷರವೆಲ್ಲ ಇರುವೆ ಸಾಲಿನಂತೆ ಕಾಣುತ್ತಿತ್ತಂತೆ. ಡಾಕ್ಟರು ಆಪರೇಷನ್ ಎಂದರು. ಇವರು ನಿನ್ನ ಪರೀಕ್ಷೆ ಮುಗಿಯಲಿ ಎಂದು ಕೂತರು. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಕಣ್ಣಿಲ್ಲದ ಮುದುಕನ ಹತ್ತಿರ ಮಗು ಬಿಟ್ಟಿದ್ದೇನೆ ಎಂದು ನೀನು ಅರ್ಧಕ್ಕೆ ಓಡಿ ಬರುತ್ತೀಯ, ಓದುವುದು ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಬೇರೆ ಲೆಕ್ಕವೂ ಇತ್ತೋ ಏನೋ, ಅವರ ಹೊಟ್ಟೆಯೊಳಗೆ ನಾನು ಹೊಕ್ಕು ನೋಡಿಲ್ಲ. ನಿನಗೆ ಬರೆಯುವಾಗ ಕಾಗದದ ಮೇಲೆ ಅಡ್ಡಪಟ್ಟಿ ಇಟ್ಟು, ಬೆರಳಿನಲ್ಲಿ ತಡವಿ ಸಾಲು ಹಿಡಿಯುತ್ತಿದ್ದರು. ನಿನ್ನ ಕಾಗದಗಳನ್ನು ಓದಿ ಹೇಳುತ್ತಿದ್ದವಳು ನಾನು. ಇಂಗ್ಲಿಷ್ ಹಾಳೆ ನನಗೆಲ್ಲಿ ಬರಬೇಕು? ಅದು ಮಗುವಿನ ಪಾಲಿಗೆ ಬಿತ್ತು.

ಜುಲೈ ಕಾಗದವನ್ನೂ ನಾನೇ ಓದಿದೆ. ಪೂರ್ತಿ ಓದಿದೆ, ಒಂದು ಪದ ಬಿಡಲಿಲ್ಲ. ಅವರು ಕೈ ಮಡಚಿ ಕೂತು ಕೇಳಿದರು. ಬಾಗಿಲಲ್ಲಿ ಕೊಕ್ಕರೆ ನಿಂತಿದ್ದಾಳೆ, ನಾನು ನೋಡಿಲ್ಲ. "ಅಜ್ಜ ಅಲ್ಲ, ನಾನು," ಎಂದಳು. ಏನೇ ಅದು ಎಂದೆ. ಆಗ ಬಿತ್ತು ಅಳು.

ನೀನು ತಪ್ಪು ಬರೆದಿದ್ದನ್ನು ಇವಳು ಸರಿ ಮಾಡಿ ಓದುತ್ತಿದ್ದಳು. ಹಾಳೆಯಲ್ಲಿ ಒಂದು ಇದ್ದರೆ ಬಾಯಲ್ಲಿ ಇನ್ನೊಂದು. ಅಜ್ಜನ ಕಿವಿಗೆ ಎಲ್ಲ ಸರಿಯಾಗೇ ಬೀಳುತ್ತಿತ್ತು, ಅವರು ತಲೆದೂಗುತ್ತಿದ್ದರು. "ಕೆಂಪಿಲ್ಲದ ಹಾಳೆ ಬಂದ್ರೆ ಅಮ್ಮ ಪಾಸು ಅಂತ ಅಜ್ಜನೇ ಹೇಳಿದ್ರು. ಅದಕ್ಕೇ ಕೆಂಪು ಬರ್ದೇ ಇರೋ ಹಾಗೆ ಮಾಡ್ದೆ," ಎಂದಳು. ನಿನ್ನ ಹತ್ತಿರ ಬೇಗ ಬರಬೇಕೆಂದು ಮಾಡಿದ್ದು. ಇನ್ನು ಬೈಯುವುದಿದ್ದರೆ ಯಾರನ್ನು ಬೈಯಬೇಕೋ ನೀನೇ ನೋಡಿಕೋ.

ನಾನೂ ಒಂದು ಮಾತು ಹೇಳುತ್ತೇನೆ. ನಿನ್ನ ಕಾಗದ ಓದುತ್ತ ಓದುತ್ತ, ಇವರು ಬೇಕೆಂದೇ ಮಾಡಿದರು ಎಂದು ನನಗೂ ಅನ್ನಿಸಿತ್ತು. ಹಾಗನ್ನಿಸಿದರೂ ಇವರ ಮೇಲೆ ಸಿಟ್ಟು ಬರಲಿಲ್ಲ. ಅದನ್ನು ನೆನೆದರೆ ಈಗ ಸಿಟ್ಟು ಬರುತ್ತದೆ, ನನ್ನ ಮೇಲೆಯೇ.

ಮುಂದಿನ ವಾರ ಬಲಗಣ್ಣಿನ ಆಪರೇಷನ್. ನೀನು ಬರುವುದು ಬೇಡ, ರಜೆ ಉಳಿಸಿಕೋ. ಹಾಳೆ ಮಾತ್ರ ಕಳಿಸು.

ಅತ್ತೆ


ಆಗಸ್ಟ್ ೨೬

ಮಾವನವರಿಗೆ,

ಅತ್ತೆಯ ಕಾಗದ ಬಂದು ಎರಡು ವಾರವಾಯಿತು. ಐದು ಸಲ ಬರೆಯಲು ಕೂತೆ. ಈಗ ಬರೆಯುತ್ತಿರುವುದೂ ನೆಟ್ಟಗೆ ಆಗುತ್ತದೆಂದು ಅನ್ನಿಸುವುದಿಲ್ಲ. ಜುಲೈ ಕಾಗದವನ್ನು ವಾಪಸು ಕಳಿಸಿ ಎಂದು ಕೇಳೋಣವೆಂದಿದ್ದೆ. ಆದರೆ ಓದಿ ಆಗಿದೆಯಲ್ಲ.

ಕಣ್ಣಿಗೆ ಔಷಧಿ ಹಾಕುವಾಗ ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಹಿಡಿದು ಒಳಗೆ ಬಿಡಬೇಕು. ಬೇರೆ ಬೇರೆ ಔಷಧಿಗಳ ನಡುವೆ ಸ್ವಲ್ಪ ಹೊತ್ತು ಬಿಡಬೇಕು. ಅತ್ತೆಗೆ ಇದನ್ನು ಹೇಳಿ. ನಾನು ದಿನಾ ಮಾಡುವ ಕೆಲಸ ಇದು, ನಿಮಗೆ ಮಾತ್ರ ಮಾಡಲಾಗುತ್ತಿಲ್ಲ.

ಕೊಕ್ಕರೆಗೆ ಬೈದಿಲ್ಲ. ಫೋನಿನಲ್ಲಿ ಒಂದೇ ಮಾತು ಹೇಳಿದೆ, ಹಾಳೆಯಲ್ಲಿ ಏನಿದೆಯೋ ಅದನ್ನೇ ಓದು, ಅಮ್ಮನಿಗೆ ಕೆಂಪು ಬಂದರೆ ಪರವಾಗಿಲ್ಲ ಎಂದು. "ಎಷ್ಟು ಬಂದ್ರೂ?" ಎಂದಳು. ಎಷ್ಟು ಬಂದರೂ ಎಂದೆ.

ಮೇಷ್ಟ್ರು ಈ ಸಲ, ಒಂದು ಬೇಡಿಕೆಯನ್ನು ಕಾರಣ ಸಮೇತ ಬರೆಯಿರಿ ಎಂದಿದ್ದಾರೆ. ಎಲ್ಲರೂ ರಜೆ ಕೇಳಿ ಬರೆದರು. ನಾನು 'ನನ್ನ ಮಗಳು ನನ್ನ ಜೊತೆ ಯಾಕಿರಬೇಕು' ಎಂದು ಬರೆದೆ. ಎರಡು ಕಾರಣ ಸಿಕ್ಕಿವೆ. ಕ್ವಾರ್ಟರ್ಸಿನಿಂದ ಶಾಲೆಗೆ ನಡೆದೇ ಹೋಗಬಹುದು. ಹುಷಾರಿಲ್ಲದಿದ್ದರೆ ಡಾಕ್ಟರು ಅದೇ ಆವರಣದಲ್ಲಿದ್ದಾರೆ. ಮೂರನೆಯದು ಸಿಗುತ್ತಿಲ್ಲ. ಯಾವುದು ಬರೆದರೂ, ಅದು ನಿಮ್ಮ ಮನೆಯಲ್ಲೂ ಇದೆ, ಇನ್ನೂ ಚೆನ್ನಾಗಿಯೇ ಇದೆ.

ಹಾಳೆ ಇದರ ಜೊತೆಗಿದೆ. ಹಳೆಯ ಹಾಳೆಗಳನ್ನೂ ಎಲ್ಲ ಜೊತೆಗೇ ಇಟ್ಟಿದ್ದೇನೆ. ನಿಮಗೆ ಯಾವಾಗ ಓದಲಾಗುತ್ತದೋ ಆಗ ಸಾಕು.

ನಿಮ್ಮ ಸೊಸೆ


ಸೆಪ್ಟೆಂಬರ್ ೧೭

ಸೊಸೆಗೆ ಆಶೀರ್ವಾದ.

ಬಲಗಣ್ಣಿನ ಪಟ್ಟಿ ತೆಗೆದಿದ್ದಾರೆ. ಮೊದಲು ಕಂಡದ್ದು ನಮ್ಮ ಅಡುಗೆಮನೆಯ ಗೋಡೆ. ಇಷ್ಟು ಕೊಳೆಯಾಗಿದೆಯೇ ಎಂದು ಬಾಯಿಬಿಟ್ಟೆ. ಅದೊಂದು ತಪ್ಪಾಯಿತು. ಎರಡು ದಿನ ನಿನ್ನ ಅತ್ತೆ ನನ್ನ ಕಣ್ಣಿಗೆ ಔಷಧಿ ಹಾಕುವಾಗ ಬೇಕಾದ್ದಕ್ಕಿಂತ ಹೆಚ್ಚು ರೆಪ್ಪೆ ಎಳೆದಳು.

ಓದಲು ಇನ್ನೂ ಅಪ್ಪಣೆಯಿಲ್ಲ. ಎಡಗಣ್ಣಿನದು ಆಗಿ ಕನ್ನಡಕ ಬರಬೇಕು. ಹಾಗಾಗಿ ಹಾಳೆಯನ್ನು ಕೊಕ್ಕರೆಯೇ ಓದಿದಳು. ಇದ್ದದ್ದು ಇದ್ದ ಹಾಗೆ. ಒಂದೊಂದು ತಪ್ಪು ಬಂದಾಗಲೂ ದನಿ ಸಣ್ಣದಾಗುತ್ತದೆ, ಆದರೆ ಓದುತ್ತಾಳೆ. ಗುರುತು ಹಾಕಿಸಿದ್ದೇನೆ. ಫೆಬ್ರವರಿಯಷ್ಟು ಇಲ್ಲ, ಮೇ ತಿಂಗಳಷ್ಟು ಕಡಿಮೆಯೂ ಇಲ್ಲ.

ನಿನ್ನ ಜುಲೈ ಕಾಗದದ ಬಗ್ಗೆ. ನೀನು ಅಂದುಕೊಂಡದ್ದನ್ನು ನಾನು ಮಾಡಿರಲಿಲ್ಲ. ಆದರೆ ಅಂದುಕೊಂಡದ್ದು ತೀರಾ ಇಲ್ಲದ್ದೂ ಅಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಇನ್ನು ಮೂರನೇ ಕಾರಣ. ಕರಡು ತಿದ್ದುವವನು ಬರೆದವರ ಪ್ರತಿಗೆ ಸ್ವಂತ ಸಂಗತಿ ಸೇರಿಸುವಂತಿಲ್ಲ. ಅನುಮಾನ ಬಂದರೆ ಅಂಚಿನಲ್ಲಿ ಒಂದು ಪ್ರಶ್ನೆ ಬರೆದು ಮೇಲಕ್ಕೆ ಕಳಿಸಬೇಕು, ಅಷ್ಟೇ. ನಾನು ಆ ನಿಯಮ ಮೀರಿದವನಲ್ಲ. ಈ ಸಲ ಮೀರುತ್ತಿದ್ದೇನೆ. ನೀನು ಕೊಟ್ಟ ಎರಡೂ ಕಾರಣ ಯಾವ ಮಗುವಿಗಾದರೂ ಹೊಂದುತ್ತವೆ. ಈ ಮಗುವಿಗೆ ಮಾತ್ರ ಹೊಂದುವುದು ಒಂದು ಬೇಕು.

ನಿನ್ನ ಹಳೆಯ ಹಾಳೆಗಳನ್ನೆಲ್ಲ ಮತ್ತೆ ಮೊದಲಿನಿಂದ ತಿದ್ದೋಣ ಎಂದು ಕೊಕ್ಕರೆಯನ್ನು ಕೂರಿಸಿದ್ದೆ. ಒಂದು ಹಾಳೆ ಎತ್ತಿಕೊಂಡವಳು ಓದುವ ಮೊದಲೇ, "ಇದು ಪಾಳಿ ಮುಗಿಸಿ ಬಂದು ಬರ್ದಿದ್ದು," ಎಂದಳು. ಹೇಗೆ ಗೊತ್ತು ಎಂದೆ. ಸುಸ್ತಾದ ದಿನ ನಿನ್ನ ಸಾಲು ಬಲಗಡೆಗೆ ಇಳಿಯುತ್ತದಂತೆ. ತಲೆನೋವಿದ್ದ ದಿನ ಪದಗಳ ನಡುವೆ ಜಾಗ ಜಾಸ್ತಿಯಂತೆ. ಖುಷಿಯಾಗಿದ್ದ ದಿನ ಅಡಿಗೆರೆ ಹಾಕುತ್ತೀಯಂತೆ. ಹಾಳೆಗಳನ್ನು ಒಂದೊಂದಾಗಿ ನೆಲದ ಮೇಲೆ ಹರಡಿ, ಇದು ಸುಸ್ತು, ಇದು ಸುಸ್ತು, ಇದು ಖುಷಿ ಎಂದು ಗುಂಪು ಮಾಡಿದಳು. ಸುಸ್ತಿನ ಗುಂಪು ದೊಡ್ಡದಿತ್ತು. ನಾನು ಎಷ್ಟೋ ಜನರ ಬರಹ ಓದಿದ್ದೇನೆ, ಬರೆದವರಿಗೆ ಸುಸ್ತಾಗಿತ್ತೇ ಎಂದು ಒಮ್ಮೆಯೂ ನೋಡಿದವನಲ್ಲ.

ತಾಯಿಗೆ ಸುಸ್ತಾಗಿದೆ ಎಂಬುದನ್ನು ಮಗು ಅವಳ ಮುಖ ನೋಡಿ ತಿಳಿಯಬೇಕು. ಇವಳು ಕಾಗದದ ಮೇಲೆ ಹುಡುಕುತ್ತಿದ್ದಾಳೆ. ಇದೇ ಮೂರನೆಯದು. ಇಂಗ್ಲಿಷಿಗೆ ನೀನೇ ಹಾಕು, ತಪ್ಪಾದರೆ ತಿದ್ದುತ್ತೇನೆ.

ಇತಿ,
ಮಾವ


ನವೆಂಬರ್ ೪

ಮಾವನವರಿಗೆ, ಅತ್ತೆಯವರಿಗೆ,

ಪಾಸಾಗಿದ್ದೇನೆ. ಅಂಚಿನಲ್ಲಿ ಪಾಸು, ಆದರೂ ಪಾಸು.

ಪ್ಯಾರಾಗ್ರಾಫಿಗೆ ಬಂದ ವಿಷಯ 'ನೀವು ಕೆಲಸದಲ್ಲಿ ಬಳಸುವ ಒಂದು ಯಂತ್ರ'. ಮಗಳ ಬಗ್ಗೆ ಕಲಿತದ್ದೆಲ್ಲ ಅಲ್ಲೇ ಉಳಿಯಿತು. ಹಾಸಿಗೆಯ ತಲೆಭಾಗ ಎತ್ತುವ ಯಂತ್ರದ ಬಗ್ಗೆ ಬರೆದೆ. ಮೂರು ಆಧಾರ ಕೊಟ್ಟೆ, ಮೂರನೆಯದು ಕ್ಯಾಪ್ಟನ್: ಅವರು ಅದರ ಗುಂಡಿ ಒತ್ತಿ ಒತ್ತಿ ಎದುರಿನ ಹಾಸಿಗೆಯವರಿಗೆ ಸೆಲ್ಯೂಟ್ ಹೊಡೆಯುತ್ತಾರೆ. ತಪ್ಪು ಹುಡುಕುವ ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದಿದೆ. ಮೇಲ್ವಿಚಾರಕಿ ಬಂದು, ಹಾಳೆ ತಲೆಕೆಳಗಾಗಿದೆಯೇ ಎಂದು ಇಣುಕಿ ನೋಡಿ ಹೋದರು.

ಕ್ವಾರ್ಟರ್ಸಿನ ಬೀಗದ ಕೈ ಸಿಕ್ಕಿದೆ. ಶನಿವಾರ ಹದಿನಾರಕ್ಕೆ ಬರುತ್ತೇನೆ. ಮೇಟ್ರನ್ ನಾಲ್ಕು ದಿನ ರಜೆ ಕೊಟ್ಟಿದ್ದಾರೆ. ಕೊಕ್ಕರೆಗೆ ನೀವೇ ಹೇಳುತ್ತೀರಾ? ಫೋನಿನಲ್ಲಿ ನನಗೆ ಆಗುವುದಿಲ್ಲ.

ನಿಮ್ಮ ಸೊಸೆ


ನವೆಂಬರ್ ೧೦

ಸೊಸೆಗೆ ಆಶೀರ್ವಾದ.

ಹೇಳಿದೆ. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಲು ಮಡಚಿಕೊಂಡು ಕುರ್ಚಿಯ ಮೇಲೆ ಕೂತಳು. ಆಮೇಲೆ ಮುಂದಿನ ಹಾಳೆಯನ್ನು ಅಜ್ಜನಿಗೆ ಯಾರು ಓದುತ್ತಾರೆ ಎಂದು ಕೇಳಿದಳು. ಇನ್ನು ಹಾಳೆ ಬರುವುದಿಲ್ಲ, ಅಮ್ಮ ಪಾಸಾದಳಲ್ಲ ಎಂದೆ. ಪೇಪರು ಓದುವವರು ಯಾರು ಎಂದಳು. ನಾನೇ ಓದಿಕೊಳ್ಳುತ್ತೇನೆ, ಎರಡು ಕಣ್ಣೂ ಸರಿಯಾಗಿವೆ, ಕನ್ನಡಕ ಬಂದಿದೆ ಎಂದೆ. ನಂಬಲಿಲ್ಲ. ಮಾರ್ಚಿನಿಂದ ಜುಲೈವರೆಗೂ ಸರಿಯಾಗಿದೆ ಎಂದೇ ಹೇಳಿದವನು ನಾನು, ಅವಳು ಯಾಕೆ ನಂಬಬೇಕು?

ಅವತ್ತಿನ ಇಂಗ್ಲಿಷ್ ಪತ್ರಿಕೆ ತಂದು ನನ್ನ ಮುಂದೆ ಹರಡಿದಳು. ತಾನೇ ಹುಡುಕಿ ಅತ್ಯಂತ ಸಣ್ಣಕ್ಷರದ ಜಾಗ ಆರಿಸಿದಳು, ಹಡಗುಗಳು ಬರುವ ಹೋಗುವ ಸುದ್ದಿ. "ಓದಿ. ಚುಕ್ಕೆ, ದೊಡ್ಡಕ್ಷರ ಎಲ್ಲ ಹೇಳಬೇಕು. ಒಂದು ತಪ್ಪಾದ್ರೂ ನಾನು ಹೋಗಲ್ಲ," ಎಂದಳು. ಪಕ್ಕದಲ್ಲಿ ನಿಂತು ಸಾಲಿನ ಕೆಳಗೆ ಬೆರಳಿಟ್ಟಳು. ನಿನ್ನ ಅತ್ತೆ ಒಲೆಯ ಮುಂದೆ ಕೈಯಲ್ಲಿ ಸೌಟು ಹಿಡಿದವಳು ಹಾಗೇ ನಿಂತಳು. ಅವಳು ನನ್ನ ಮುಖ ನೋಡುತ್ತಿದ್ದಳು. ಅವಳು ಏನು ಬಯಸುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ನಾನು ಏನು ಬಯಸುತ್ತಿದ್ದೇನೆ ಎಂಬುದು ಅವಳಿಗೂ.

ಉದ್ದನೆಯ ಅಂಕಣ. ಬಾಯಿಗೆ ಬಾರದ ಹಡಗಿನ ಹೆಸರುಗಳು. ಎಲ್ಲಾದರೂ ತಡವರಿಸಬಹುದಿತ್ತು, ಯಾರೂ ಅನುಮಾನ ಪಡುತ್ತಿರಲಿಲ್ಲ. ಇದೀಗ ವಾಸಿಯಾದ ಕಣ್ಣು.

ಕೆಲಸದಲ್ಲಿದ್ದ ಕಾಲದಲ್ಲೂ ನಾನು ಅಷ್ಟು ಎಚ್ಚರದಿಂದ ಓದಿರಲಿಲ್ಲ. ಕೊನೆಯ ಚುಕ್ಕೆಯವರೆಗೂ ಓದಿದೆ. ಒಂದೂ ತಪ್ಪಾಗಲಿಲ್ಲ.

ಅವಳು ಪತ್ರಿಕೆ ಮಡಚಿಟ್ಟು, ಯಾವ ಪುಸ್ತಕಗಳನ್ನು ತೆಗೆದುಕೊಂಡು ಹೋಗಬೇಕು ಎಂದು ಅಜ್ಜಿಯನ್ನು ಕೇಳಲು ಹೋದಳು.

ಶನಿವಾರ ಬಸ್ಸು ಇಳಿಯುವಲ್ಲಿಗೆ ನಾನೇ ಬರುತ್ತೇನೆ.

ಇತಿ,
ಮಾವ